ಹೊಸದಾಗಿ ಅಡುಗೆ ಕಲಿಯುವವನಿಗೆ ಒಂದು ಪುಸ್ತಕ: ಆರಿಸಿ, ಕತ್ತರಿಸಿ, ಮತ್ತೆ ಕಟ್ಟಿದ್ದು

ಕೆಲಸ ಇಷ್ಟು. ಎಲ್ಲ ಬಗೆಯ ಅಡುಗೆ ಇರುವ ಒಂದು ಪುಸ್ತಕ ಆರಿಸಬೇಕು. ಒಲೆಯ ಪಕ್ಕ ಬಿಚ್ಚಿಟ್ಟರೆ ಅದು ತಾನಾಗಿ ಮುಚ್ಚಿಕೊಳ್ಳದ ಹಾಗೆ ಬೈಂಡ್ ಮಾಡಬೇಕು. ಅದರ ಅಳತೆಗಳನ್ನು ಒಂದು ಅಡುಗೆಮನೆಗೆ ಹೊಂದಿಸಬೇಕು. ಅಡುಗೆಮನೆ ಅಂದರೆ ಹಾಸನದ ಸಾಲಗಾಮೆ ರಸ್ತೆ ಕಡೆ ಅಕ್ಕನ ಮಗ ಹಿಡಿದಿರುವ ಬಾಡಿಗೆ ರೂಮಿನ ಒಂದು ಮೂಲೆ. ಇಂಡಕ್ಷನ್ ಒಲೆ, ಮೂರು ಲೀಟರಿನ ಸ್ಟೀಲ್ ಕುಕ್ಕರ್, ಒಂದು ಬಾಣಲೆ, ಎರಡು ಪಾತ್ರೆ. ಹುಡುಗನಿಗೆ ಟೀ ಮಾಡಲು ಬರುತ್ತದೆ, ಮೊಟ್ಟೆ ಬೇಯಿಸಲು ಬರುತ್ತದೆ. ಅಲ್ಲಿಗೆ ಮುಗಿಯಿತು.

"ಮಾವ, ಯೂಟ್ಯೂಬ್ ಇದೆಯಲ್ಲ, ಪುಸ್ತಕ ಯಾಕೆ?" ಅಂದ.

"ನೋಡು, ಬೇಡ ಅನ್ನಲ್ಲ. ಆದರೆ ಸಾರಿಗೆ ಹುಣಸೆಹಣ್ಣು ಎಷ್ಟು ಅಂತ ತಿಳಿಯೋಕೆ ಅವರ ಮನೆ ಪುರಾಣ ಪೂರ್ತಿ ಕೇಳಬೇಕಲ್ಲೋ. ಅಷ್ಟರಲ್ಲಿ ಸಾಸಿವೆ ಸೀದು ಹೋಗಿರುತ್ತೆ."

ಆರಿಸುವ ಕೆಲಸ

ಪುಸ್ತಕದ ಅಂಗಡಿಯಲ್ಲಿ ನಿಂತುಕೊಂಡು ಅಡುಗೆ ಪುಸ್ತಕ ಆರಿಸುವುದು ಕಷ್ಟ. ಚಿತ್ರ ನೋಡುತ್ತೇವೆ, ಬೆಲೆ ನೋಡುತ್ತೇವೆ, ಅಷ್ಟೇ. ಕೂತು ಓದಬೇಕು. ಅದಕ್ಕೇ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದೆ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಅಡುಗೆಯ ಸಂಖ್ಯೆ 641.5. ಆ ಪದ್ಧತಿ ಇರುವ ಯಾವ ಗ್ರಂಥಾಲಯದಲ್ಲಾದರೂ ಈ ನಂಬರ್ ಹಿಡಿದು ಹೋದರೆ ಹುಡುಕಾಟ ಕಡಿಮೆ. ಅಲ್ಲಿ ಓದಿದವು, ಮನೆಯಲ್ಲಿ ಇದ್ದವು, ನೆಂಟರ ಮನೆಯಿಂದ ತಂದವು ಎಲ್ಲ ಸೇರಿಸಿ ನೋಡಿದೆ.

ಕೆಲವು ಬೇಗ ಪಕ್ಕಕ್ಕೆ ಹೋದವು. ಸಾವಿರ ತಿಂಡಿ ಒಂದೇ ಕಡೆ ಅನ್ನುವಂಥವು ಮೊದಲು ಹೋದವು, ಯಾಕೆಂದರೆ ಒಂದೊಂದಕ್ಕೂ ನಾಲ್ಕೇ ಸಾಲು. ಹೊಳೆಯುವ ಕಾಗದದ ದೊಡ್ಡ ಪುಸ್ತಕಗಳು ಆಮೇಲೆ. ಎಣ್ಣೆ ಕೈ ತಾಗಿಸಲು ಮನಸ್ಸು ಬಾರದ ಪುಸ್ತಕ ಅಡುಗೆಮನೆಗೆ ಯಾಕೆ? ಬೇರೆ ದೇಶದವಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗಿದ್ದವೂ ಇದ್ದವು. ಮೂರನೇ ಪುಟಕ್ಕೇ ಓವನ್ ಬಿಸಿ ಮಾಡಿ ಅನ್ನುತ್ತವೆ.

ಅಮ್ಮನ ಟ್ರಂಕಿನಲ್ಲಿದ್ದ ಹಳೆಯ ಪುಸ್ತಕವನ್ನು ಪಕ್ಕಕ್ಕಿಡಲು ಮಾತ್ರ ಕಷ್ಟವಾಯಿತು. ಅದರಲ್ಲಿ ಎಲ್ಲ ಸೇರು, ಪಾವು, ತೊಲದ ಲೆಕ್ಕ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು, ಒಂದು ತೊಲ ಅಂದರೆ 11.66 ಗ್ರಾಂ. ಈ ಲೆಕ್ಕ ಬದಲಾಯಿಸಿಕೊಳ್ಳಬಹುದು, ತೊಂದರೆ ಅದಲ್ಲ. "ಎಂದಿನಂತೆ ಒಗ್ಗರಣೆ ಕೊಡುವುದು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಅಮ್ಮನ ಪಕ್ಕ ನಿಂತು ಹತ್ತು ವರ್ಷ ನೋಡಿದವರಿಗೆ ಬರೆದ ಪುಸ್ತಕ ಅದು. ನನಗೆ ಬೇಕು. ಅವನಿಗೆ ಅಲ್ಲ.

ಉಳಿದವನ್ನು ಪರೀಕ್ಷೆ ಮಾಡಿದ್ದು ಉಪ್ಪಿಟ್ಟಿನಲ್ಲಿ. ಗೊತ್ತಿಲ್ಲದ ಅಡುಗೆಯ ಪುಟ ಓದಿದರೆ ಎಲ್ಲ ಪುಸ್ತಕವೂ ಚೆನ್ನಾಗಿಯೇ ಕಾಣುತ್ತದೆ. ಕಣ್ಣುಮುಚ್ಚಿ ಮಾಡಬಲ್ಲ ಅಡುಗೆಯ ಪುಟ ತೆಗೆದರೆ ಬಣ್ಣ ಬಯಲಾಗುತ್ತದೆ. ರವೆ ಹುರಿಯಿರಿ ಅಂತ ಎಲ್ಲರೂ ಬರೆಯುತ್ತಾರೆ. ಎಲ್ಲಿಯವರೆಗೆ? ಘಮ ಬಂದು, ರವೆ ಸೌಟಿನಿಂದ ಸಲೀಸಾಗಿ ಉದುರುವವರೆಗೆ, ಆದರೆ ಬಣ್ಣ ತಿರುಗುವ ಮೊದಲು. ಇದನ್ನು ಬರೆದವರು ಕೆಲವರೇ. ಯಾವ ರವೆ ಅಂತ ಹೇಳಿದವರು ಇನ್ನೂ ಕಡಿಮೆ. ದಪ್ಪ ಬನ್ಸಿ ರವೆಗೆ ಒಂದಕ್ಕೆ ಮೂರು ನೀರು ಬೇಕಾಗುತ್ತದೆ, ಮಾಮೂಲಿ ಉಪ್ಪಿಟ್ಟು ರವೆಗೆ ಎರಡೂವರೆ ಸಾಕು. ಒಗ್ಗರಣೆಗೆ ಸಾಸಿವೆ ಚಟಪಟ ಅಂದು ನಿಂತ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಅವು ಹೊಂಬಣ್ಣಕ್ಕೆ ಬಂದ ಮೇಲೆ ಮೆಣಸಿನಕಾಯಿ, ಕರಿಬೇವು. ಒಂದು ಪುಸ್ತಕ ಎಲ್ಲವನ್ನೂ ಒಟ್ಟಿಗೆ ಎಣ್ಣೆಗೆ ಹಾಕಿ ಅನ್ನುತ್ತಿತ್ತು. ಬರೆದವರು ಹಾಗೆ ಮಾಡಿರಲಿಕ್ಕಿಲ್ಲ. ಬರೆಯುವಾಗ ಅವಸರ. ಕಲಿಯುವವನು ಮಾತ್ರ ಅದನ್ನೇ ಅಕ್ಷರಶಃ ಮಾಡುತ್ತಾನೆ ಅಲ್ವಾ?

ಹಾಗಾಗಿ ನನ್ನ ತೀರ್ಮಾನ ಇದು. ಕಲಿಯುವವನಿಗೆ ಪುಸ್ತಕದಲ್ಲಿ ಎಷ್ಟು ಅಡುಗೆ ಇದೆ ಅನ್ನುವುದು ಮುಖ್ಯವೇ ಅಲ್ಲ. ಯಾವಾಗ ನಿಲ್ಲಿಸಬೇಕು, ಏನು ಕಂಡರೆ ಸರಿ, ಏನು ಕಂಡರೆ ಕೆಟ್ಟಿತು ಅಂತ ಹೇಳುತ್ತದೆಯೇ ನೋಡಬೇಕು. ಐದು ನಿಮಿಷ ಅಂದರೆ ಯಾರ ಒಲೆಯ ಐದು ನಿಮಿಷ?

ಇನ್ನೊಂದು ಪರೀಕ್ಷೆ ರಾಜ್ಮಾ. ಈ ಕಾಳು ಸರಿಯಾಗಿ ಬೇಯದಿದ್ದರೆ ಅದರಲ್ಲಿರುವ ಲೆಕ್ಟಿನ್ ಅನ್ನುವ ಅಂಶದಿಂದ ವಾಂತಿ, ಹೊಟ್ಟೆನೋವು ಬರುತ್ತದೆ. ರಾತ್ರಿ ನೆನೆಸಬೇಕು, ಆ ನೀರು ಚೆಲ್ಲಬೇಕು, ಜೋರಾಗಿ ಕುದಿಸಿ ಬೇಯಿಸಬೇಕು. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೆಚ್ಚಗಾಗಿಸಿದರೆ ಸಾಲದು. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೆ ಭಯವಿಲ್ಲ. ಇಷ್ಟನ್ನೂ ಹೇಳದೆ "ರಾಜ್ಮಾ ಬೇಯಿಸಿಕೊಳ್ಳಿ" ಅಂದಿರುವ ಪುಸ್ತಕವನ್ನು ಒಬ್ಬನೇ ಇರುವ ಹುಡುಗನ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಉಳಿದದ್ದು ಕಪ್ಪುಬಿಳುಪಿನ, ಚಿತ್ರವೇ ಇಲ್ಲದ, ಡೆಮಿ 1/8 ಗಾತ್ರದ (ಮಾಮೂಲಿ ಕಾದಂಬರಿಯಷ್ಟು), 480 ಪುಟದ ಕನ್ನಡ ಪುಸ್ತಕ. ಮೊದಲ ಪುಟಗಳಲ್ಲೇ "ಈ ಪುಸ್ತಕದಲ್ಲಿ ಒಂದು ಕಪ್ ಅಂದರೆ 200 ಮಿ.ಲೀ." ಅಂತ ಬರೆದಿದೆ. ಅನ್ನ ಮಾಡುವುದಕ್ಕೆ ಎರಡು ಪುಟ ಕೊಟ್ಟಿದೆ. ಅಷ್ಟು ಸಾಕಾಯಿತು ನನಗೆ. ಹೆಸರು ಹೇಳುವುದಿಲ್ಲ. ನಿಮ್ಮ ಮನೆಗೆ ಬೇರೆಯದೇ ಸರಿಹೋಗಬಹುದು, ಉಪ್ಪಿಟ್ಟಿನ ಪುಟ ತೆಗೆದು ನೋಡಿ.

ಕತ್ತರಿಸಿ ಎರಡು ಮಾಡಿದ್ದು

ಪುಸ್ತಕದ ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿದರೆ ಬೈಂಡಿಂಗ್ ಯಾವುದು ಅಂತ ಗೊತ್ತಾಗುತ್ತದೆ. ಮಡಚಿದ ಹಾಳೆಗಳ ಸಣ್ಣ ಸಣ್ಣ ಕಟ್ಟುಗಳು ಕಂಡರೆ ಅದು ದಾರದಲ್ಲಿ ಹೊಲಿದದ್ದು. ಅಂಥದ್ದು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಅದನ್ನು ಕತ್ತರಿಸಬೇಡಿ. ಬಿಡಿ ಹಾಳೆಗಳ ಅಂಚಿಗೆ ಗೋಂದು ಮಾತ್ರ ಕಂಡರೆ ಅಂಟಿಸಿದ ಬೈಂಡಿಂಗ್. ನಮ್ಮದು ಇದು. ಬಿಚ್ಚಿಟ್ಟರೆ ಮುಚ್ಚಿಕೊಳ್ಳುತ್ತದೆ, ಒತ್ತಿ ಹಿಡಿದರೆ ಬೆನ್ನು ಸೀಳಿ ಹಾಳೆ ಉದುರುತ್ತದೆ. ಹಿಟ್ಟಾದ ಕೈಯಲ್ಲಿ ಒತ್ತಿ ಹಿಡಿಯುವವರು ಯಾರು?

ಬೆನ್ನು ಕತ್ತರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸೋಣ ಅಂದುಕೊಂಡೆ. ಕತ್ತರಿಸುವ ಮೊದಲು ಒಳಗಿನ ಅಂಚು ಅಳೆದೆ. ಅಕ್ಷರದಿಂದ ಬೆನ್ನಿನವರೆಗೆ 18 ಮಿ.ಮೀ. ಬೆನ್ನು ಕತ್ತರಿಸಲು 4 ಮಿ.ಮೀ. ಹೋಗುತ್ತದೆ, ಸ್ಪೈರಲ್ ತೂತಿಗೆ 6 ಅಥವಾ 7. ಅಕ್ಷರಕ್ಕೆ ಪೆಟ್ಟಿಲ್ಲ. ಅಂಚು 12 ಮಿ.ಮೀ.ಗಿಂತ ಕಡಿಮೆ ಇದ್ದರೆ ಈ ದಾರಿ ಬೇಡ, ತೂತು ಅಕ್ಷರದ ಮೇಲೆ ಬರುತ್ತದೆ. ಬೆನ್ನನ್ನು ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಬೇಡಿ, ಸೊಟ್ಟಗಾಗುತ್ತದೆ. ಪ್ರೆಸ್ಸಿನ ಕಟಿಂಗ್ ಮಷೀನಿನಲ್ಲಿ ಒಂದೇ ಏಟಿಗೆ ಮುಗಿಯಿತು.

480 ಪುಟ ಅಂದರೆ 240 ಹಾಳೆ, ದಪ್ಪ 24 ಮಿ.ಮೀ. ಒಂದೇ ಸ್ಪೈರಲಿಗೆ ಹಾಕಿಸಬಹುದು. ಆದರೆ ಅಷ್ಟು ದಪ್ಪದ್ದರಲ್ಲಿ ಪುಟ ತಿರುಗಿಸುವಾಗ ಸಿಕ್ಕಿಕೊಳ್ಳುತ್ತದೆ. ಎರಡು ಮಾಡಿದೆ. ಇಲ್ಲಿ ಕೆಲಸ ಸ್ವಾರಸ್ಯವಾಯಿತು. ಬೆನ್ನು ಹೋದ ಮೇಲೆ ಹಾಳೆಗಳು ನಮ್ಮ ಮಾತು ಕೇಳುತ್ತವೆ. ಮಧ್ಯಕ್ಕೆ ಸೀಳುವ ಬದಲು ದಿನದ ಅಡುಗೆ ಒಂದು ಕಡೆ, ಹಬ್ಬದ್ದು ಒಂದು ಕಡೆ ಅಂತ ಬೇರೆ ಮಾಡಿದೆ. ಅನ್ನ, ಸಾರು, ಹುಳಿ, ಪಲ್ಯ, ಗೊಜ್ಜು, ರೊಟ್ಟಿ, ಚಪಾತಿ, ಬೆಳಗಿನ ತಿಂಡಿ ಮೊದಲ ಸಂಪುಟಕ್ಕೆ. ಹೋಳಿಗೆ, ಚಕ್ಕುಲಿ, ಕಜ್ಜಾಯ, ಉಪ್ಪಿನಕಾಯಿ ಎರಡನೆಯದಕ್ಕೆ. ಉಪ್ಪಿನಕಾಯಿ ದಿನವೂ ಬೇಕಲ್ಲ ಅನ್ನಬಹುದು. ತಿನ್ನಲು ಬೇಕು, ಮಾಡಲು ಅಲ್ಲ.

ತೊಡಕು ಬಂದದ್ದು ಗಡಿಯ ಹಾಳೆಗಳಲ್ಲಿ. ಒಂದು ಬದಿಯಲ್ಲಿ ಚಿತ್ರಾನ್ನ, ಅದರ ಬೆನ್ನಿಗೆ ಕಾಯಿಹೋಳಿಗೆ. ಇಂಥ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಎರಡೂ ಸಂಪುಟಕ್ಕೆ ಹಾಕಿದೆ, ಬೇಡದ ಬದಿಗೆ ಪೆನ್ಸಿಲಿನಲ್ಲಿ ಅಡ್ಡಗೀಟು. ಪುಟಸಂಖ್ಯೆ ಈಗ ಜಿಗಿಜಿಗಿದು ಬರುತ್ತದೆ, ಆದರೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಪುಸ್ತಕದ ವಿಷಯಸೂಚಿ ಕೆಲಸ ಮಾಡುತ್ತದೆ. ಅದರದ್ದೂ ಒಂದು ಪ್ರತಿ ಎರಡನೇ ಸಂಪುಟಕ್ಕೆ ಬೇಕು, ಮರೆಯಬೇಡಿ.

ಹಳೆ ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ, ಹುಳ ಬರಬಾರದು ಅಂತ. ಅದು ವಿಷ. ರಟ್ಟು ಹಾಕಿಸುವುದಾದರೆ ಅಡುಗೆಮನೆಯ ಪುಸ್ತಕಕ್ಕೆ ಅದು ಬೇಡ ಅಂತ ಹೇಳಿ, ಫೆವಿಕಾಲ್ ಸಾಕು. ನಾನು ರಟ್ಟಿನ ಗೋಜಿಗೇ ಹೋಗಲಿಲ್ಲ. ಹಿಂದೆ ಮುಂದೆ ದಪ್ಪ ಪ್ಲಾಸ್ಟಿಕ್ ಹಾಳೆ, ಒರೆಸಿದರೆ ಹೋಗುತ್ತದೆ. ಎಲ್ಲ ಪುಟ ಲ್ಯಾಮಿನೇಟ್ ಮಾಡಿಸೋಣ ಅಂದಳು ಅಕ್ಕ. ಬೇಡ ಅಂದೆ. ದಪ್ಪ ಮೂರು ಪಟ್ಟು ಆಗುತ್ತದೆ, ಮೇಲೆ ಪೆನ್ಸಿಲ್ ಓಡುವುದಿಲ್ಲ. ಬರೆಯಲು ಆಗದ ಅಡುಗೆ ಪುಸ್ತಕ ನನಗೆ ಇಷ್ಟವಿಲ್ಲ.

ಅಳತೆ ಹೊಂದಿಸಿದ್ದು

ಇದಕ್ಕೆ ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದೇ. ನೀರು ಒಂದು ಮಿ.ಲೀ.ಗೆ ಒಂದು ಗ್ರಾಂ ತೂಗುತ್ತದೆ, ಹಾಗಾಗಿ ಯಾವ ಪಾತ್ರೆಯನ್ನಾದರೂ ಅಳೆಯಬಹುದು. ಅವನ ರೂಮಿನ ಸ್ಟೀಲ್ ಲೋಟ ತುಂಬಿದಾಗ 230 ಬಂತು. 200ರ ಗೆರೆಗೆ ಒಳಬದಿಯಲ್ಲಿ ಮೊಳೆಯಿಂದ ಗೀರು ಹಾಕಿದೆ. ಬಣ್ಣ, ಸ್ಟಿಕ್ಕರ್ ಯಾವುದೂ ತೊಳೆದಾಗ ನಿಲ್ಲುವುದಿಲ್ಲ. ಚಮಚಗಳ ಕಥೆ ಬೇರೆ. ಪುಸ್ತಕದ ಟೀ ಚಮಚ 5 ಮಿ.ಲೀ., ಊಟದ ಚಮಚ 15. ಅವನ ಟೀ ಚಮಚ 4 ದಾಟಲಿಲ್ಲ, ಊಟದ ಚಮಚ 10ಕ್ಕೇ ತುಳುಕಿತು. ಇದಕ್ಕೆ ಸುಮ್ನೆ ಹೊಸ ಚಮಚ ಕೊಳ್ಳಬೇಕಾಗಿಲ್ಲ. ಕೆಮ್ಮಿನ ಸಿರಪ್ ಜೊತೆ ಬರುವ ಸಣ್ಣ ಅಳತೆ ಮುಚ್ಚಳದಲ್ಲಿ 5, 10 ಅಂತ ಗೆರೆ ಇರುತ್ತದೆ. ಚೆನ್ನಾಗಿ ತೊಳೆದು ಡಬ್ಬಿಯಲ್ಲಿ ಇಟ್ಟುಕೊಂಡರೆ ಆಯಿತು.

ಅಕ್ಕಿಗೆ ನೀರು ಹಾಕಲು ಈ ಲೆಕ್ಕವೆಲ್ಲ ಬೇಡ. ಒಂದು ಲೋಟ ಅಕ್ಕಿಗೆ ಅದೇ ಲೋಟದಲ್ಲಿ ಎರಡೂವರೆ ನೀರು ಅಂದರೆ ಯಾವ ಲೋಟವಾದರೂ ಸರಿ. ಲೋಟ ಮತ್ತು ಚಮಚ ಒಟ್ಟಿಗೆ ಬಂದಾಗ ಮಾತ್ರ ಎಡವಟ್ಟು. ದೊಡ್ಡ ಲೋಟದಲ್ಲಿ ಬೇಳೆ, ಸಣ್ಣ ಚಮಚದಲ್ಲಿ ಉಪ್ಪು, ಸಾರಿನ ಪುಡಿ ಹಾಕಿದರೆ ಸಪ್ಪೆ. ಆಮೇಲೆ ಪುಸ್ತಕ ಸರಿಯಿಲ್ಲ ಅನ್ನುತ್ತೇವೆ. ಉಪ್ಪಿನಲ್ಲೂ ಪುಡಿ ಉಪ್ಪು 5 ಮಿ.ಲೀ.ಗೆ ಸುಮಾರು 6 ಗ್ರಾಂ ಹಿಡಿಯುತ್ತದೆ. ಹರಳುಪ್ಪಾದರೆ ಮಧ್ಯೆ ಗಾಳಿ ಜಾಸ್ತಿ, ಉಪ್ಪು ಕಡಿಮೆ. 200 ಮಿ.ಲೀ. ಗೆರೆಗೆ ಅಕ್ಕಿ, ತೊಗರಿಬೇಳೆ ಎರಡೂ ಹೆಚ್ಚುಕಡಿಮೆ 165 ಗ್ರಾಂ ಬಂದವು. ರಾಗಿಹಿಟ್ಟು ಸಡಿಲವಾಗಿ ಹಾಕಿದರೆ 110, ಲೋಟ ಕುಟ್ಟಿ ತುಂಬಿದರೆ 130. ಮುದ್ದೆ ಒಂದು ದಿನ ಗಟ್ಟಿ, ಒಂದು ದಿನ ಮೆತ್ತಗೆ ಆಗುವುದಕ್ಕೆ ಇದೂ ಒಂದು ಕಾರಣ.

ಹುಣಸೆಹಣ್ಣು "ನಿಂಬೆಹಣ್ಣಿನ ಗಾತ್ರ" ಅನ್ನುವ ಕಡೆಯೆಲ್ಲ ಪಕ್ಕದಲ್ಲಿ 25 ಗ್ರಾಂ ಅಂತ ಬರೆದೆ. ಮೆಣಸಿನಕಾಯಿ ಎಂಟು ಅಂದಿರುವ ಕಡೆ ಬ್ಯಾಡಗಿ ಅಂತ ಸೇರಿಸಿದೆ. ಎಂಟು ಗುಂಟೂರು ಹಾಕಿದರೆ ಹುಡುಗ ಮಾರನೆಯ ದಿನ ಆಫೀಸಿಗೆ ಹೋಗಲಾರ.

ಊರಿಗೆ ತಕ್ಕ ತಿದ್ದುಪಡಿ

ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್ ಹತ್ತಿರ ಇದೆ, ಚಿಕ್ಕಮಗಳೂರು ಇನ್ನೂ ಸ್ವಲ್ಪ ಮೇಲೆ. ಇಷ್ಟು ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮೂರೇ ಡಿಗ್ರಿ ಅಂತ ಬಿಡಬೇಡಿ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಮೆತ್ತಗಾಗಲು ಕರಾವಳಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಒಳಗೆ ಒತ್ತಡ ಏರಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಆದ್ದರಿಂದ ಬೇಳೆಯ ಪುಟಗಳಲ್ಲಿ ಪಾತ್ರೆಯ ಸಮಯಕ್ಕೆ ಗೀಟು ಹೊಡೆದು ಕುಕ್ಕರಿನದ್ದು ಮಾತ್ರ ಉಳಿಸಿದೆ. ಮೂರು ಲೀಟರಿನದ್ದಕ್ಕೆ ಬೇಳೆಕಾಳು ನೀರು ಸೇರಿ ಅರ್ಧದ ಮೇಲೆ ಹೋಗಬಾರದು ಅಂತ ಕೆಂಪು ಶಾಯಿಯಲ್ಲಿ ಬರೆದೆ. ನೊರೆ ಬಂದು ವಿಷಲ್ ತೂತು ಕಟ್ಟಿಕೊಂಡರೆ ಅಪಾಯ.

ಇಡ್ಲಿ ಹಿಟ್ಟು ಎಂಟು ಗಂಟೆಯಲ್ಲಿ ಹುದುಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಡಿಸೆಂಬರ್ ಚಳಿಯಲ್ಲಿ ಇಲ್ಲಿ ಅದು ಆಗದ ಮಾತು. ಅಲ್ಲಿ "ಗಡಿಯಾರ ನೋಡಬೇಡ, ಹಿಟ್ಟು ಉಬ್ಬಿದೆಯಾ ನೋಡು" ಅಂತ ಬರೆದೆ.

ಬಸ್ಸಾರಿನ ಪುಟಕ್ಕೆ ಬಂದಾಗ ನಗು ಬಂತು. ಅಷ್ಟು ಒಳ್ಳೆಯ ಪುಸ್ತಕದಲ್ಲೂ ಸೊಪ್ಪು, ಕಾಳು ಬೇಯಿಸಿದ ನೀರನ್ನು "ಬೇಕಿದ್ದರೆ ಸೇರಿಸಿ" ಅಂತ ಇದೆ. ಬೇಕಿದ್ದರೆ ಅಂತೆ! ಆ ಕಟ್ಟೇ ಅಲ್ವಾ ಸಾರು? ಸೊಪ್ಪು, ಕಾಳು ಬಸಿದು ಒಗ್ಗರಣೆ ಹಾಕಿ ಪಲ್ಯ, ಆ ನೀರಿಗೆ ರುಬ್ಬಿದ ಖಾರ ಹಾಕಿ ಸಾರು. ಆ ಪುಟದ ಮೇಲೆ ಬೇರೆ ಹಾಳೆಯನ್ನೇ ಅಂಟಿಸಿದೆ.

ನಮ್ಮದು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ಊರಿನಿಂದ ಅಕ್ಕ ಕಳಲೆ (ಎಳೆ ಬಿದಿರು), ಕೆಸುವಿನ ಸೊಪ್ಪು ಕಳಿಸದೆ ಇರುವುದಿಲ್ಲ. ಪುಸ್ತಕದಲ್ಲಿ ಎರಡೂ ಇಲ್ಲ. ಇವು ತಿಳಿಯದೆ ಮಾಡುವ ಅಡುಗೆಯೂ ಅಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಾಯಿಸುತ್ತಾ ಮೂರು ದಿನ ಇಟ್ಟು, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲುವುದು ನಮ್ಮ ಮನೆಯ ಕ್ರಮ. ಕೆಸುವಿಗೆ ಹುಣಸೆ ಹುಳಿ ಧಾರಾಳ ಬೇಕು, ಪೂರ್ತಿ ಬೇಯಬೇಕು. ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಇವೆರಡು, ಅಕ್ಕಿ ಕಡುಬು, ಹಿತಕಿದ ಬೇಳೆ ಸಾರು ಸೇರಿಸಿ ಕೆಲವು ಹಾಳೆ ಕೈಯಲ್ಲೇ ಬರೆದು ಮೊದಲ ಸಂಪುಟದ ಹಿಂದೆ ಹಾಕಿದೆ. ಅವುಗಳ ಹಿಂದೆ ಖಾಲಿ ಹಾಳೆ.

ತರಕಾರಿಯ ಸೂಚಿ

ಪುಸ್ತಕದಲ್ಲಿ ಅಡುಗೆಯ ಹೆಸರಿನ ಪಟ್ಟಿ ಇದೆ. ಹೊಸಬನಿಗೆ ಹುಳಿ, ಕೂಟು, ಗೊಜ್ಜು ಇವುಗಳ ಹೆಸರಿನಿಂದ ಹುಡುಕಲು ಬರುವುದಿಲ್ಲ. ಅವನ ಪ್ರಶ್ನೆ ಬೇರೆ: ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬದನೆಕಾಯಿ ಅಗ್ಗ ಇತ್ತು ಅಂತ ತಂದಿದ್ದೇನೆ, ಈಗ ಏನು ಮಾಡಲಿ? ಅದಕ್ಕೆ ಎರಡು ಪುಟದ ಹೊಸ ಸೂಚಿ ಮಾಡಿದೆ. ಆಲೂಗಡ್ಡೆ, ಬದನೆ, ಹುರುಳಿಕಾಯಿ, ಸೀಮೆಬದನೆ, ಸೊಪ್ಪು, ಅವರೆ ಅಂತ ತರಕಾರಿಯ ಹೆಸರು, ಮುಂದೆ ಪುಟಸಂಖ್ಯೆ. ಒಂದೇ ಪಾತ್ರೆಯಲ್ಲಿ ಆಗುವ ಅಡುಗೆಗೆ ಪಕ್ಕದಲ್ಲಿ ಒಂದು ಚುಕ್ಕಿ. ಎಲ್ಲ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಅವನು ಜಾಸ್ತಿ ನೋಡುವುದೂ ಇದನ್ನೇ. ಲ್ಯಾಮಿನೇಟ್ ಮಾಡಿಸಿದ್ದು ಈ ಹಾಳೆ ಮತ್ತು ಅಳತೆಯ ಪಟ್ಟಿ, ಇಷ್ಟೇ.

ಪುಸ್ತಕ ನಿಲ್ಲಿಸುವ ಸ್ಟ್ಯಾಂಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಊರಿನ ತೋಟದಲ್ಲಿ ಕುಯ್ಸಿದ ಸಿಲ್ವರ್ ಓಕ್ ಮರದ ಹಲಗೆಯ ತುಂಡಿತ್ತು. ಸ್ಪೈರಲ್ ಪುಸ್ತಕವನ್ನು ಪೂರ್ತಿ ಹಿಂದಕ್ಕೆ ಮಡಚಬಹುದು, ಹಾಗಾಗಿ 18 ಸೆಂ.ಮೀ. ಅಗಲ ಸಾಕು. ಕೆಳಗೆ ಮೂರು ಸೆಂ.ಮೀ. ಪಟ್ಟಿ, ಹಿಂದೆ ಒಂದು ಆಸರೆ, ಎರಡು ಕೋಟು ವಾರ್ನಿಷ್.

ರೂಮಿನಲ್ಲಿ ನೋಡಿದ್ದು

ಮೊದಲು ತಿಳಿಸಾರು, ಅನ್ನ. ನಾನು ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದೆ. ಸಾರು ಪುಸ್ತಕ ಹೇಳಿದ ಹಾಗೇ ಬಂತು. ಉಪ್ಪು ಕೂಡ ಸರಿಯಾಗಿತ್ತು, ಗೀರು ಹಾಕಿದ ಲೋಟದ ಪುಣ್ಯ. ಅನ್ನ ಮಾತ್ರ ಬೇಯಲಿಲ್ಲ. ಪುಸ್ತಕ ಬರೆದಿರುವುದು ಸೋನಾ ಮಸೂರಿಗೆ, ಅಕ್ಕ ಕಳಿಸಿದ್ದು ಹೊಳೆನರಸೀಪುರ ಕಡೆಯ ರಾಜಮುಡಿ. ತೌಡು ಪೂರ್ತಿ ತೆಗೆಯದ ಕೆಂಪಕ್ಕಿ ಅದು. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಮೂರು ನೀರು ಹಾಕಿ ಮತ್ತೆ ಇಟ್ಟಾಗ ಸರಿಯಾಯಿತು. ಅವನೇ ಪೆನ್ಸಿಲ್ ತೆಗೆದುಕೊಂಡು ಪುಟದ ಪಕ್ಕ ಬರೆದ. ಜೆಲ್ ಪೆನ್ ಇತ್ತು, ಬೇಡ ಅಂದೆ. ಹಬೆ ತಾಗಿದರೆ ಅದು ಹರಡುತ್ತದೆ.

ಇನ್ನೊಂದು ತೊಡಕು ಉರಿಯದ್ದು. "ಸಣ್ಣ ಉರಿ" ಅಂದರೆ ಇಂಡಕ್ಷನ್ ಒಲೆಯಲ್ಲಿ ಯಾವ ಗುಂಡಿ? "ಮಾವ, ಇಲ್ಲಿ ಉರಿನೇ ಇಲ್ವಲ್ಲ" ಅಂದ. ನಿಜ. ಒಲೆಯ ಮುಂದೆ ಕೂತು ಪಟ್ಟಿ ಮಾಡಿದೆವು. ಅವನ ಒಲೆಯಲ್ಲಿ ಒಗ್ಗರಣೆಗೆ 600 ವ್ಯಾಟಿನಿಂದ ಶುರು ಮಾಡಬೇಕು, ತೆಳು ತಳದ ಬಾಣಲೆ ಬೇಗ ಕಾಯುತ್ತದೆ, 1200ರಲ್ಲಿ ಇಟ್ಟರೆ ಸಾಸಿವೆ ಸಿಡಿಯುವ ಮೊದಲೇ ಎಣ್ಣೆ ಹೊಗೆಯಾಡುತ್ತದೆ. ಸಾರು ಕುದಿಸಲು 800, ಕುಕ್ಕರ್ ವಿಷಲ್ ಬರುವವರೆಗೆ 1200, ಬಂದ ಮೇಲೆ 400. ಆ 400 ಕೂಡ ಒಂದೇ ಸಮ ಬರುವುದಿಲ್ಲ, ಒಲೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ. ಹಾಲು ಕಾಯಿಸುವಾಗ ಇದು ಗಮನದಲ್ಲಿರಬೇಕು, ನಿಂತಿತು ಅಂದುಕೊಂಡ ಹಾಲು ಮತ್ತೆ ಉಕ್ಕುತ್ತದೆ.

ಈ ವ್ಯಾಟಿನ ಪಟ್ಟಿಯನ್ನು ಬೈಂಡ್ ಮಾಡಿಸಿಲ್ಲ, ಸ್ಟ್ಯಾಂಡಿನ ಹಿಂದೆ ಕ್ಲಿಪ್ಪಿಗೆ ಸಿಕ್ಕಿಸಿದ್ದೇನೆ. ಗ್ಯಾಸಿಗೆ ಅರ್ಜಿ ಹಾಕಿದ್ದಾನೆ, ಸಿಲಿಂಡರ್ ಬಂದ ದಿನ ಆ ಹಾಳೆ ತೆಗೆಯಬೇಕು. ಎರಡನೇ ಸಂಪುಟ ಸದ್ಯಕ್ಕೆ ನಮ್ಮ ಮನೆಯಲ್ಲೇ ಇದೆ. ಚಪಾತಿ ಹಿಟ್ಟಿನ ಪುಟ ದಾಟುವವರೆಗೆ ಹೋಳಿಗೆಯ ಪುಟ ಕೇಳಬೇಡ ಅಂದಿದ್ದೇನೆ.